ಬೀಗರೂಟಕ್ಕೆ ಬಂದ ಶಾಸಕರು, ಸದನದಲ್ಲಿ ಖಾಲಿ ಕುರ್ಚಿ

ಈ ಕೊಪ್ಪಲು ಯಾವ ತಾಲ್ಲೂಕಿಗೆ ಸೇರಿದ್ದು ಎಂದು ಕೇಳಬೇಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಿಮ್ಮದು ಯಾವುದೋ ಅದೇ ಅಂದುಕೊಳ್ಳಿ. ಊರ ಪಕ್ಕ ಒಂದು ಹಳ್ಳ. ಹಳ್ಳದ ಆಚೆ ಹೈಸ್ಕೂಲು. ನಡುವೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಕಲ್ಲು ತುಳಿದು ದಾಟಬಹುದು. ಮಳೆ ಹಿಡಿದು, ನಾಲೆಗೂ ನೀರು ಬಿಟ್ಟರೆ ಹಳ್ಳ ಎದೆಮಟ್ಟ ಬರುತ್ತದೆ. ಆಗ ಗಂಡುಹುಡುಗರು ಬಟ್ಟೆ ಬಿಚ್ಚಿ ತಲೆ ಮೇಲೆ ಇಟ್ಟುಕೊಂಡು ದಾಟುತ್ತಾರೆ. ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ. ಸುತ್ತಿಕೊಂಡು ಹೋಗಲು ಏರಿ ಮೇಲಿನ ದಾರಿ ಇದೆ, ಆದರೆ ಬಲು ದೂರ, ಬಸ್ಸಿಲ್ಲ, ಕಬ್ಬಿನ ಗದ್ದೆಗಳ ನಡುವೆ ಒಂಟಿ ಹುಡುಗಿಯನ್ನು ಯಾರೂ ಕಳಿಸುವುದಿಲ್ಲ.

ಹೆಣ್ಣುಮಕ್ಕಳಿಗೆ ಏಳನೇ ಕ್ಲಾಸು ಸಾಕು ಎಂದು ಯಾವ ಸರ್ಕಾರವೂ ಕಾನೂನು ಮಾಡಿಲ್ಲ. ಆದರೂ ಕೊಪ್ಪಲಿನಲ್ಲಿ ಅದೇ ಕಾನೂನು.

ಚಿಕ್ಕಸ್ವಾಮಿಯ ದೊಡ್ಡ ಮಗಳು ಅನು ಹೀಗೇ ಏಳಕ್ಕೆ ನಿಂತಳು. ಕೆಲವು ವರ್ಷ ಮನೆಯಲ್ಲಿ ಸಗಣಿ ಬಾಚಿದಳು, ಮದುವೆಯಾಗಿ ಹೋದಳು. ಈಗ, ತೊಂಬತ್ತೇಳನೇ ಇಸವಿಯ ಮೊದಲಲ್ಲಿ, ಚಿಕ್ಕ ಮಗಳು ಭೂಮಿಕ ಏಳನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಳು. ಓದಿನಲ್ಲಿ ಚುರುಕು. ಆ ಪರೀಕ್ಷೆ ಮುಗಿದರೆ ತನ್ನ ಓದೂ ಮುಗಿಯಿತು ಎಂದು ಅವಳಿಗೂ ಗೊತ್ತಿತ್ತು.

ಒಂದು ಭಾನುವಾರ ಚಿಕ್ಕಸ್ವಾಮಿಯ ಭಾಮೈದ ಲೋಕೇಶ್ ಕಿರಂಗೂರಿನಿಂದ ಬಂದ. ಅಲ್ಲಿ ಅವನದು ಸೈಕಲ್ ಶಾಪು. ಬಂದವನು ಕೂರುವ ಮೊದಲೇ ಅಕ್ಕನನ್ನು ಕೇಳಿದ.

"ಅಕ್ಕ, ಭೂಮಿಕನ್ನ ಹೈಸ್ಕೂಲಿಗೆ ಸೇರುಸ್ತೀರೋ ಇಲ್ವೋ?"

"ನನ್ನೇನು ಕೇಳೀಯೆ? ಅಗೋ, ನಿನ್ ಭಾವ ಅಲ್ಲವ್ರೆ," ಎಂದಳು ಮಾಯಮ್ಮ.

ಚಿಕ್ಕಸ್ವಾಮಿ ಹಸುವಿಗೆ ಹುಲ್ಲು ಹಾಕುತ್ತಿದ್ದವನು ತಿರುಗಿ ನೋಡಲೂ ಇಲ್ಲ. "ಅಳ್ಳ ದಾಟ್ಕಂಡು ಓದಕ್ಕೋಗಕ್ಕೆ ಅವಳೇನು ಮೀನೇನ್ಲಾ?"

"ಸೇತ್ವೆ ಮಾಡ್ಸಿ ಅಂತ ಕೇಳ್ಬೇಕು ಭಾವ."

"ಕೇಳಿಲ್ಲ ಅಂದ್ಕಂಡ್ಯಾ? ಅನು ಮದ್ವೆಗೆ ಎಮ್ಮೆಲ್ಲೆ ಬಂದಿದ್ರಲ್ಲ, ಹಾರ ಹಾಕ್ಬುಟ್ಟು ಕೇಳ್ದೆ. 'ಮಾಡ್ಸನ ಬುಡು ಚಿಕ್ಕಸ್ವಾಮಿ' ಅಂದ್ರು. ನಮ್ಮಪ್ಪನ ತಿಥಿಗೆ ಬಂದ್ರು, ಆಗ್ಲೂ ಕೇಳ್ದೆ. ಆಗ್ಲೂ ಮಾಡ್ಸನ ಅಂದ್ರು."

"ಎರಡು ಸಲವೂ ಎಲೆ ಮುಂದೆ ಕುಂತಿದ್ದಾಗ ಕೇಳಿದ್ಯಾ?"

"ಇನ್ನೆಲ್ ಕೇಳ್ಬೇಕ್ಲಾ? ನೋಡು, ನಮ್ ಎಮ್ಮೆಲ್ಲೆ ಅಂತಿಂಥೋರಲ್ಲ. ಯಾರ್ ಕರುದ್ರೂ ಬತ್ತಾರೆ. ಮದ್ವೆ, ತಿಥಿ, ಬೀಗರೂಟ, ನಾಮಕರಣ, ಒಂದೂ ತಪ್ಸಲ್ಲ. ಮುಂಚೆ ಇದ್ದೋರು ಗೆದ್ದ ಮ್ಯಾಲೆ ಈ ಕಡೆ ತಲೆ ಹಾಕಿದ್ರಾ?"

ಇದು ಕೊಪ್ಪಲಿನ ಲೆಕ್ಕಾಚಾರ. ಶಾಸಕ ಒಳ್ಳೆಯವನೋ ಕೆಟ್ಟವನೋ ಎಂದು ಅಳೆಯಲು ಊರಿನವರ ಹತ್ತಿರ ಇರುವುದು ಒಂದೇ ಅಳತೆ: ನಮ್ಮ ಮನೆ ಕಾರ್ಯಕ್ಕೆ ಬಂದನೋ ಇಲ್ಲವೋ. ಬಂದರೆ ದೇವರು. ಬರದಿದ್ದರೆ ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಶಾಸಕರಿಗೂ ಈ ಅಳತೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಲಗ್ನದ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಕಾರಿನಲ್ಲಿ ಓಡಾಡಿ ಅಕ್ಷತೆ ಹಾಕುತ್ತಾರೆ.

ಲೋಕೇಶನಿಗೆ ಸಿಟ್ಟು ಬಂತು. ಆದರೆ ಭಾವನ ಮೇಲೆ ಕೂಗಾಡುವ ಹಾಗಿಲ್ಲ.

"ಭಾವ, ಒಂದ್ ಮಾತು ಕೇಳ್ತೀನಿ. ನಿಮ್ ಡೈರಿ ಸೆಕ್ರೆಟರಿ ಹಾಲು ಅಳೆಯೋ ಹೊತ್ನಲ್ಲಿ ಡೈರೀಲಿ ಇರ್ದಂಗೆ, ಮನೆಮನೆಗೆ ಬಂದು ಕಾಪಿ ಕುಡ್ಕಂಡು ಕುಂತ್ರೆ ಏನ್ಮಾಡ್ತೀರಿ?"

"ನಮ್ ಹಾಲು ಒಡ್ದೋಗಲ್ವಾ? ಅವತ್ತೇ ತೆಗ್ದಾಕ್ತೀವಿ."

"ಸರಿ. ಎಮ್ಮೆಲ್ಲೆ ಕೆಲಸ ಮಾಡೋ ಜಾಗ ಯಾವ್ದು?"

ಚಿಕ್ಕಸ್ವಾಮಿ ಹುಲ್ಲಿನ ಕಂತೆ ಕೆಳಗಿಟ್ಟು ಯೋಚಿಸಿದ. "ತಾಲ್ಲೂಕ್ ಆಫೀಸು?"

"ಅಲ್ಲ."

"ಸರ್ಕಾರಿ ಬಂಗ್ಲೆ, ಐಬಿ?"

ಮಾಯಮ್ಮ ನಕ್ಕುಬಿಟ್ಟಳು. "ವಿಧಾನಸೌಧ ಅಲ್ವೇನೋ ಲೋಕೇಶ?"

"ನೋಡು ಭಾವ, ಅಕ್ಕಂಗೆ ಗೊತ್ತದೆ. ಅಲ್ಲಿ ನಮ್ಮೂರು ಅಳ್ಳದ ಮಾತು ಒಂದ್ ಸಲನಾದ್ರೂ ಬಂದದಾ?"

"ಅದು ನಮಗೆಂಗ್ಲಾ ಗೊತ್ತಾಯ್ತದೆ?"

"ತಿಳ್ಕೋಬೈದು. ಅದಕ್ಕೇ ನಾವೊಂದಷ್ಟು ಜನ ಸೇರ್ಕಂಡಿದ್ದೀವಿ."

"ಓಹೋ! ಯಾವ್ ಪಾರ್ಟಿ ಕಳ್ಸದೆ ನಿನ್ನ?"

"ಯಾವ್ ಪಾರ್ಟೀನೂ ಅಲ್ಲ ಕಣ್ ಭಾವ. ಓಟು ನಿಂದು. ನಿನ್ ಕೆಲ್ಸದಾಳು ಕೆಲ್ಸ ಮಾಡ್ತಾವ್ನಾ ಅಂತ ನೋಡಕ್ಕೆ ಪಾರ್ಟಿ ಯಾಕ್ ಬೇಕು?"

ಅವರು ಕಟ್ಟಿಕೊಂಡದ್ದರ ಹೆಸರು ಮತದಾರರ ಕಾವಲು ಬಳಗ. ನಾಲ್ಕೂ ತಾಲ್ಲೂಕುಗಳಿಂದ ಜನ ಇದ್ದರು. ಸೈಕಲ್ ಶಾಪಿನವರು, ಬಡಗಿಗಳು, ಟೈಲರ್‌ಗಳು, ರೈತರು, ಇಬ್ಬರು ಮೇಷ್ಟ್ರುಗಳು. ಸಂಬಳವಿಲ್ಲ, ಪದವಿಯಿಲ್ಲ. ಕೆಲಸ ಒಂದೇ: ಗೆದ್ದು ಹೋದವರು ಸದನದಲ್ಲಿ ಏನು ಮಾಡುತ್ತಾರೆ ಎಂದು ನೋಡುವುದು, ನೋಡಿದ್ದನ್ನು ಊರಿಗೆ ಬಂದು ಹೇಳುವುದು. ಕೊಪ್ಪಲಿನಲ್ಲಿ ಆ ಬಳಗದಲ್ಲಿ ಇದ್ದವರು ಪುಟ್ಟಗೌರಮ್ಮ, ಗ್ರಾಮ ಪಂಚಾಯ್ತಿ ಮೆಂಬರು.

ಲೋಕೇಶ್ ಭಾವನನ್ನೂ ಅಕ್ಕನನ್ನೂ ಅವರ ಮನೆ ಜಗಲಿಗೆ ಕರೆದುಕೊಂಡು ಹೋದ. ಪುಟ್ಟಗೌರಮ್ಮ ಅವರೆಕಾಯಿ ಬಿಡಿಸುತ್ತಾ ಮಾತಾಡಿದರು.

"ಚಿಕ್ಕಸ್ವಾಮಿ, ನೀನು ಬಾಡೂಟ ಹಾಕ್ತೀಯ, ಹಾರ ತತ್ತೀಯ. ಎಮ್ಮೆಲ್ಲೆ ನಿನ್ ಮಾತು ಕಿವಿಗಾಕ್ಕತ್ತಾರೆ ಅಂತ್ಲೇ ಇಟ್ಕೋ. ಕೂಲಿ ಮಾದಮ್ಮನ ಮನೆಗೆ ಯಾರಪ್ಪ ಊಟಕ್ಕೆ ಬತ್ತಾರೆ? ಅವಳ ಮಗಳೂ ಏಳಕ್ಕೇ ಬುಟ್ಳು. ಅವಳು ಯಾವ ಎಲೆ ಮುಂದೆ ನಿಂತ್ಕಂಡು ಕೇಳ್ಬೇಕು?"

ಚಿಕ್ಕಸ್ವಾಮಿ ತಾನೂ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದ. ಪುಟ್ಟಗೌರಮ್ಮ ಮುಂದುವರಿಸಿದರು.

"ಊಟದ ಮನೇಲಿ ಯೋಳಿದ್ದು ಬಾಯಿ ಮಾತು. ಸದನದಲ್ಲಿ ಪ್ರಶ್ನೆ ಆಕುದ್ರೆ ಮಂತ್ರಿಗಳು ಉತ್ತರ ಕೊಡ್ಲೇಬೇಕು. ಆ ಉತ್ತರ ಅಚ್ಚಾಯ್ತದೆ. ಅದು ನಿಂಗೂ ಆಯ್ತು, ಮಾದಮ್ಮಂಗೂ ಆಯ್ತು."

"ಪ್ರಶ್ನೆ ಕೇಳಿ ಅಂತ ನಾವು ಯೋಳ್ಬೈದಾ ಗೌರಕ್ಕ?"

"ಓಟು ಕೊಡೋವಾಗ ಯಾರನ್ನ ಕೇಳ್ಬುಟ್ಟು ಕೊಟ್ಟೆ?"

ಆ ವಾರವೇ ಅವರು ಶಾಸಕರ ಮನೆಗೆ ಹೋದರು. ಹಾರ ಒಯ್ಯಲಿಲ್ಲ. ಕೈ ಬೀಸಿಕೊಂಡು ಹೋಗುವುದು ಚಿಕ್ಕಸ್ವಾಮಿಗೆ ಎಷ್ಟು ಮುಜುಗರವಾಯಿತೆಂದರೆ ಬಾಗಿಲಲ್ಲಿ ಲೋಕೇಶನ ಬೆನ್ನ ಹಿಂದೆ ನಿಂತ. ಪುಟ್ಟಗೌರಮ್ಮನೇ ಮಾತಾಡಿದರು. "ಮನವಿ ಕೊಡಕ್ಕೆ ಬಂದಿಲ್ಲ ಸ್ವಾಮಿ. ಬರೋ ಅಧಿವೇಶನದಲ್ಲಿ ನಮ್ಮೂರು ಸೇತ್ವೆ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ ಆಕಿ ಅಂತ ಕೇಳಕ್ಕೆ ಬಂದಿದ್ದೀವಿ." ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಬಾಯಿಬಿಟ್ಟು ಉತ್ತರ ಹೇಳಬೇಕಾದ ಪ್ರಶ್ನೆ. ಶಾಸಕರು, "ಅದಕ್ಕೇನಂತೆ, ಆಕನ" ಅಂದರು. ಹಾಕಿಯೂ ಹಾಕಿದರು. ಸುಳ್ಳು ಯಾಕೆ ಹೇಳಬೇಕು?

ಮಾರ್ಚಿನಲ್ಲಿ ಅಧಿವೇಶನ ಶುರುವಾಯಿತು. ಕೊಪ್ಪಲಿನ ಪ್ರಶ್ನೆ ಯಾವ ದಿನ ಬರುತ್ತದೆ ಎಂದು ಬಳಗದವರು ವಿಚಾರಿಸಿಕೊಂಡು ಬಂದರು. ಜನ ಮೇಲೆ ಕೂತು ಸದನ ನೋಡುವ ಗ್ಯಾಲರಿಗೆ ಲೋಕೇಶ್, ಚಿಕ್ಕಸ್ವಾಮಿ ಇಬ್ಬರಿಗೂ ಪಾಸೂ ಮಾಡಿಸಿದರು. ತಕರಾರು ಬಂದದ್ದು ಚಿಕ್ಕಸ್ವಾಮಿಯಿಂದ.

"ಅವತ್ತು ದೇವಯ್ಯನ ಮನೇಲಿ ಬೀಗರೂಟ ಕಣ್ಲಾ! ಓಗ್ದೆ ಇದ್ರೆ ಬೈಕತ್ತಾನೆ."

ದೇವಯ್ಯ ಕೊಪ್ಪಲಿನಲ್ಲಿ ಶಾಸಕರ ಬಲಗೈ. ಶಾಸಕರ ಕಾರು ಊರಿಗೆ ಬಂದರೆ ಮುಂದಿನ ಸೀಟಿನಲ್ಲಿ ಅವನೇ ಇರುತ್ತಾನೆ.

"ಬೀಗರೂಟಕ್ಕೆ ನಾನೋಯ್ತೀನಿ. ನೀವು ಬೆಂಗ್ಳೂರಿಗೆ ಓಗಿ," ಎಂದಳು ಮಾಯಮ್ಮ.

"ಬಾಡೂಟ ನಿಂಗೆ, ರೈಲು ನಂಗೆ!"

"ಅನೂನ ಬುಡ್ಸುವಾಗ ನಾನು ಬಾಯ್ ಮುಚ್ಕಂಡಿದ್ದೆ. ಈ ಸಲ ಮುಚ್ಚಲ್ಲ. ಓಗಿ ಬನ್ನಿ."

ಇಬ್ಬರೂ ಹೋದರು. ವಿಧಾನಸೌಧದ ಬಾಗಿಲಲ್ಲಿ ಪೊಲೀಸರು ಚಿಕ್ಕಸ್ವಾಮಿಯ ಎಲೆ ಅಡಿಕೆ ಚೀಲ ತೆಗೆಸಿದರು. ಗ್ಯಾಲರಿಯಲ್ಲಿ ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಎದ್ದು ನಿಲ್ಲಬಾರದು ಎಂದು ಲೋಕೇಶ್ ಮೆಟ್ಟಿಲು ಹತ್ತುತ್ತಾ ಎಲ್ಲ ಹೇಳಿದ್ದ. ಕೆಳಗೆ ಸದನದಲ್ಲಿ ಒಬ್ಬರಾದ ಮೇಲೆ ಒಬ್ಬರು ಶಾಸಕರು ಎದ್ದು ಕೇಳುತ್ತಿದ್ದರು, ಮಂತ್ರಿಗಳು ಎದ್ದು ಉತ್ತರ ಹೇಳುತ್ತಿದ್ದರು. ಯಾವುದೋ ಊರಿನ ಬೋರ್‌ವೆಲ್ಲು, ಯಾವುದೋ ಊರಿನ ಆಸ್ಪತ್ರೆ. ಕೇಳಿದವರು ಬಿಡುತ್ತಿರಲಿಲ್ಲ. "ಯಾವಾಗ ಮಾಡ್ತೀರಿ, ಅದನ್ನು ಹೇಳಿ" ಎಂದು ಮತ್ತೆ ಮತ್ತೆ ಏಳುತ್ತಿದ್ದರು. ಚಿಕ್ಕಸ್ವಾಮಿಗೆ ಕುತೂಹಲ ಹತ್ತಿತು.

ಸಭಾಧ್ಯಕ್ಷರು ಒಂದು ನಂಬರು ಹೇಳಿ, ಕೊಪ್ಪಲಿನ ಶಾಸಕರ ಹೆಸರು ಕರೆದರು.

ಹೆಸರು ಕಿವಿಗೆ ಬಿದ್ದದ್ದೇ ಚಿಕ್ಕಸ್ವಾಮಿ ದಡಕ್ಕನೆ ಎದ್ದು ಕೈ ಮುಗಿದ. ಊರಿನಲ್ಲಿ ಆ ಹೆಸರು ಮೈಕಿನಲ್ಲಿ ಬಂದರೆ ಎಲ್ಲರೂ ಹಾಗೆ ಮಾಡುತ್ತಾರೆ. ಮಾರ್ಷಲ್ ಓಡಿ ಬಂದು ಭುಜ ಹಿಡಿದು ಕೂರಿಸಿದ.

ಕೆಳಗೆ ಯಾರೂ ಏಳಲಿಲ್ಲ. ಲೋಕೇಶ್ ಬೆರಳು ತೋರಿಸಿದ ಕಡೆ ಒಂದು ಕುರ್ಚಿ ಖಾಲಿ ಇತ್ತು.

"ಮಾನ್ಯ ಸದಸ್ಯರು ಸದನದಲ್ಲಿಲ್ಲ. ಮುಂದಿನ ಪ್ರಶ್ನೆ," ಎಂದರು ಸಭಾಧ್ಯಕ್ಷರು.

ಅಷ್ಟೇ. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಕೊಪ್ಪಲಿನ ಹಳ್ಳ ಬಂದು ಹೋಯಿತು. ಉತ್ತರ ಹೇಳಲು ಮಂತ್ರಿಗಳು ಕಾಗದ ಹಿಡಿದುಕೊಂಡು ಅರ್ಧ ಎದ್ದಿದ್ದವರು ಮತ್ತೆ ಕೂತರು. ಮುಂದೆ ಇನ್ಯಾವುದೋ ಜಿಲ್ಲೆಯ ರಸ್ತೆಯ ಮಾತು ಶುರುವಾಯಿತು.

ವಾಪಸು ರೈಲಿನಲ್ಲಿ ಚನ್ನಪಟ್ಟಣ ದಾಟಿದ ಮೇಲೆ ಚಿಕ್ಕಸ್ವಾಮಿ, "ಉಸಾರಿಲ್ವೇನೋ ಪಾಪ," ಅಂದ. ಲೋಕೇಶ್ ಹಲ್ಲು ಕಚ್ಚಿಕೊಂಡು ಕಿಟಕಿ ಕಡೆ ತಿರುಗಿದ.

ಮನೆಗೆ ಬಂದಾಗ ಮಾಯಮ್ಮ ಬಾಗಿಲಲ್ಲೇ ಕೂತಿದ್ದಳು.

"ಏನಾಯ್ತು? ಕೇಳುದ್ರಾ?"

"ಎಮ್ಮೆಲ್ಲೆ ಬಂದಿರ್ಲಿಲ್ಲ."

"ಎಂಗ್ ಬಂದಾರು? ಇಲ್ಲೇ ಇದ್ರಲ್ಲ!"

"ಎಲ್ಲಿ?"

"ದೇವಯ್ಯನ ಮನೇಲಿ. ಮೊದಲ್ನೇ ಪಂಕ್ತೀಲಿ ಕುಂತಿದ್ರು. ನಾನೇ ಮುದ್ದೆ ಬಡ್ಸಿದೆ. 'ಎಲ್ಲವ್ನಮ್ಮ ಚಿಕ್ಕಸ್ವಾಮಿ, ಕಾಣ್ಲೇ ಇಲ್ಲ' ಅಂದ್ರು. 'ನಿಮ್ಮನ್ನ ನೋಡಕ್ಕೇ ಬೆಂಗ್ಳೂರಿಗೆ ಓಗವ್ರೆ ಸ್ವಾಮಿ' ಅಂದೆ. ಮುಖ ಬಗ್ಗುಸ್ಕಂಡು ಉಂಡ್ರು."

ಚಿಕ್ಕಸ್ವಾಮಿ ಜಗಲಿ ಮೇಲೆ ಕುಸಿದು ಕೂತ. ಪುಸ್ತಕ ಹಿಡಿದು ಒಳಗಿಂದ ಬಂದ ಭೂಮಿಕ ಅಪ್ಪನ ಮುಖ ನೋಡಿ ಏನೂ ಕೇಳದೆ ವಾಪಸು ಹೋದಳು. ಅವಳು ಕೇಳಿದ್ದರೆ ಪರವಾಗಿರಲಿಲ್ಲ.

ಮಾರನೇ ದಿನ ಬಳಗದವರು ಸೇರಿದರು. ಲೋಕೇಶ್ ಕುದಿಯುತ್ತಿದ್ದ. "ಕಾರಿಗೆ ಅಡ್ಡ ಮಲಗನ. ಕಪ್ಪು ಬಾವುಟ ಇಡಿಯನ. ಮಾನ ಕಳೆಯನ."

"ಮಾನ ಕಳುದ್ರೆ ಸೇತ್ವೆ ಬತ್ತದಾ?" ಎಂದರು ಪುಟ್ಟಗೌರಮ್ಮ. "ಕೂಗಾಡಿದ್ರೆ ಎದುರು ಪಾರ್ಟಿಯವರು ಅಂತ ಒಂದೇ ಮಾತ್ನಲ್ಲಿ ಮುಗಿಸ್ಬುಡ್ತಾರೆ. ಅಧಿವೇಶನ ಇನ್ನೂ ಮುಗ್ದಿಲ್ಲ. ಪ್ರಶ್ನೆ ತಪ್ಪೋದ್ರೂ ಶೂನ್ಯವೇಳೆ ಅಂತ ಅದೆ, ಪ್ರಶ್ನೋತ್ತರ ಮುಗುದ್ ಮ್ಯಾಲೆ ತುರ್ತು ವಿಷ್ಯ ಎತ್ಬೈದು. ಅವರನ್ನ ಅಲ್ಲಿ ಇರೋ ಹಂಗೆ ಮಾಡ್ಬೇಕು. ಅದು ನಮ್ಮ ಕೈಲಿ ಅದೆ. ಕರೆಯೋರು ಯಾರು? ನಾವೇ ತಾನೇ?"

ಎಲ್ಲರೂ ಚಿಕ್ಕಸ್ವಾಮಿಯ ಕಡೆ ನೋಡಿದರು. ಯಾಕೆಂದರೆ ಮುಂದಿನ ಗುರುವಾರ ಅವನ ಮನೆಯಲ್ಲೇ ಅನುವಿನ ಮಗುವಿನ ನಾಮಕರಣ. ಶಾಸಕರನ್ನು ಅವನು ತಿಂಗಳ ಹಿಂದೆಯೇ ಕರೆದಿದ್ದ. ಬರುತ್ತೇನೆ ಎಂದು ಅವರೂ ಮಾತು ಕೊಟ್ಟಿದ್ದರು.

"ಬ್ಯಾಡಿ ಅಂತ ಯೋಳಿ ಕಳ್ಸು," ಅಂದ ಲೋಕೇಶ್.

ಚಿಕ್ಕಸ್ವಾಮಿ ದೇವಯ್ಯನ ಕೈಲಿ ಹೇಳಿ ಕಳಿಸಿದ. ದೇವಯ್ಯ ಹೇಳಲೇ ಇಲ್ಲ. ಊಟಕ್ಕೆ ಬರಬೇಡಿ ಅನ್ನುವ ಮಾತನ್ನು ಶಾಸಕರಿಗೆ ತಲುಪಿಸುವಷ್ಟು ಗುಂಡಿಗೆ ಅವನಿಗಿಲ್ಲ.

ಗುರುವಾರ ಮಧ್ಯಾಹ್ನ ಕಾರು ಬಂದೇ ಬಂತು. ಚಪ್ಪರದಲ್ಲಿದ್ದ ಜನ ಎದ್ದು ನಿಂತರು. ಮುಂದಿನ ಸೀಟಿನಿಂದ ದೇವಯ್ಯ ಇಳಿದು ಹಿಂದಿನ ಬಾಗಿಲು ತೆಗೆದ. ಶಾಸಕರು ಕೈ ಮುಗಿಯುತ್ತಾ ಇಳಿದರು. ಚಿಕ್ಕಸ್ವಾಮಿ ಚಪ್ಪರದ ಬಾಯಲ್ಲಿ ಕೈ ಜೋಡಿಸಿ ನಿಂತ. ದಾರಿ ಬಿಡಲಿಲ್ಲ.

"ಸ್ವಾಮಿ, ತಪ್ ತಿಳ್ಕೋಬ್ಯಾಡಿ. ಇವತ್ತು ಅಧಿವೇಶನ ಅದೆ."

"ಅದೆ ಚಿಕ್ಕಸ್ವಾಮಿ. ನೀನು ಕರುದ್ಯಲ್ಲ, ಅದಕ್ಕೇ ಬಂದೆ."

"ಕರುದ್ದು ನಂದೇ ತಪ್ಪು. ನೀವು ಅಲ್ಲಿರ್ಬೇಕು. ಅವತ್ತು ನಿಮ್ಮ ಹೆಸರು ಕರುದಾಗ ನಾನು ಅಲ್ಲಿದ್ದೆ ಸ್ವಾಮಿ. ಎದ್ದು ನಿಂತ್ಕಂಡೆ. ಎದ್ದೋನು ನಾನೊಬ್ನೇ."

ದೇವಯ್ಯ ಮುಂದೆ ನುಗ್ಗಿದ. "ಲೇ, ತಲೆ ಕೆಟ್ಟದೇನ್ಲಾ ನಿಂಗೆ? ಬಾಗ್ಲಿಗೆ ಬಂದ ದೊಡ್ಡೋರನ್ನ ಉಣ್ಣಕ್ಕಿಕ್ದೆ ಕಳುಸ್ತೀಯಾ? ಒಕ್ಕಲಿಗನೇನ್ಲಾ ನೀನು?"

ಆ ಮಾತು ಚಿಕ್ಕಸ್ವಾಮಿಗೆ ನಾಟಿತು. ಮನೆಗೆ ಬಂದವರನ್ನು ಹಸಿದು ಕಳಿಸಿದವನು ಎಂಬ ಹೆಸರು ಹೊತ್ತು ಆ ಊರಿನಲ್ಲಿ ಬಾಳುವುದು ಕಷ್ಟ. ಅವನು ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಮಾಯಮ್ಮ ಒಂದು ದೊಡ್ಡ ಲೋಟ ಮಜ್ಜಿಗೆ ತಂದು ಶಾಸಕರ ಕೈಗೆ ಕೊಟ್ಟಳು.

"ಬಾಯಾರಿ ಬಂದಿದ್ದೀರಿ, ಕುಡೀರಿ. ಊಟ ಎಲ್ಲೂ ಓಡೋಗಲ್ಲ. ನಮ್ ಅಳ್ಳದ ಮಾತು ಆಡ್ಬುಟ್ಟು ಬನ್ನಿ, ನಾನೇ ಕೋಳಿ ಕುಯ್ದು ಬಡುಸ್ತೀನಿ."

ಯಾರೋ ಕಿಸಕ್ಕೆಂದರು. ಶಾಸಕರ ಮುಖ ಕೆಂಪಾಗಿತ್ತು.

"ಬರ್ದೇ ಇದ್ರೆ ನೀವೇ ಅಂತೀರಿ, ಗೆದ್ ಮ್ಯಾಲೆ ಮುಖ ತೋರುಸ್ಲಿಲ್ಲ ಅಂತ. ಬಂದ್ರೆ ಇಂಗಂತೀರಿ. ನಾನೇನ್ ಮಾಡ್ಲಿ ಯೋಳಿ."

"ಅದು ನಿಜ ಕಣಪ್ಪ," ಎಂದರು ಪುಟ್ಟಗೌರಮ್ಮ. "ಆ ತಪ್ಪು ನಮ್ದು. ಅಧಿವೇಶನ ನಡಿಯೋ ದಿನ ಈ ಕೊಪ್ಪಲಿನವರು ಯಾರೂ ನಿಮ್ಮನ್ನ ಕರಿಯಲ್ಲ. ಬರ್ಲಿಲ್ಲ ಅಂತ ಅನ್ನೋದೂ ಇಲ್ಲ. ಇಷ್ಟು ಜನದ ಎದುರ್ಗೆ ಯೋಳ್ತಾ ಇದ್ದೀನಿ. ಆದ್ರೆ ಅಲ್ಲಿ ನಿಮ್ಮ ಕುರ್ಚಿ ಖಾಲಿ ಇದ್ರೆ, ಅದನ್ನೂ ಇಷ್ಟೇ ಜನದ ಎದುರ್ಗೆ ಯೋಳ್ತೀವಿ."

ಶಾಸಕರು ಮಜ್ಜಿಗೆ ಕುಡಿದರು. ಲೋಟ ಮಾಯಮ್ಮನ ಕೈಗೆ ಕೊಟ್ಟರು. ಕಾರು ಹತ್ತಿದರು.

ಆ ದಿನ ಚಪ್ಪರದಲ್ಲಿ ಎಷ್ಟೋ ಜನ ಚಿಕ್ಕಸ್ವಾಮಿಗೆ ಛೀಮಾರಿ ಹಾಕಿದರು. ಮಂಚಯ್ಯ ಎಂಬ ಹಿರಿಯರು ಎಲೆಯಿಂದಲೇ ಎದ್ದು ಹೋದರು. ಅದನ್ನು ಮುಚ್ಚಿಡಬೇಕಾಗಿಲ್ಲ. ಕೇಳುವವರಿಗೆ ಮೊದಲು ಸಿಗುವುದು ಬೈಗುಳವೇ.

ನಾಲ್ಕೈದು ದಿನ ಕಳೆದ ಮೇಲೆ ಗ್ಯಾಲರಿಗೆ ಹೋಗಿದ್ದ ಲೋಕೇಶ್ ಸುದ್ದಿ ತಂದ. ಶಾಸಕರು ಶೂನ್ಯವೇಳೆಯಲ್ಲಿ ಎದ್ದಿದ್ದರು. ಹಳ್ಳದ ಹೆಸರು ಹೇಳಿದರು, ಹೈಸ್ಕೂಲಿನ ಹೆಸರು ಹೇಳಿದರು, ಹೆಣ್ಣುಮಕ್ಕಳು ಏಳಕ್ಕೇ ಶಾಲೆ ಬಿಡುವುದನ್ನೂ ಹೇಳಿದರು. ಸ್ಥಳ ಪರಿಶೀಲಿಸಿ ಮುಂದಿನ ವರ್ಷದ ಕೆಲಸದಲ್ಲಿ ಸೇರಿಸುತ್ತೇವೆ ಎಂದು ಮಂತ್ರಿಗಳು ಭರವಸೆ ಕೊಟ್ಟರು.

"ಮುಂದಿನ ವರ್ಷ ಅಂತೆ!" ಲೋಕೇಶ್ ಕಿಡಿಕಿಡಿಯಾದ. "ಇದೂ ಬಾಯಿ ಮಾತೇಯ."

"ಅಲ್ಲ ಕಣೋ," ಎಂದರು ಪುಟ್ಟಗೌರಮ್ಮ. "ಸದನದಲ್ಲಿ ಮಂತ್ರಿ ಕೊಟ್ಟ ಮಾತು ಕಡತದಲ್ಲಿ ಉಳೀತದೆ. ಅದನ್ನ ನಡೆಸಿದ್ರಾ ಅಂತ ನೋಡಕ್ಕೆ ಅಲ್ಲೇ ಭರವಸೆಗಳ ಸಮಿತಿ ಅದೆ. ನಾವು ಬೆನ್ನು ಬೀಳ್ಬೇಕು. ಬುಟ್ರೆ ಅವರೂ ಬುಡ್ತಾರೆ."

ಮೇ ತಿಂಗಳಲ್ಲಿ ಇಂಜಿನಿಯರ್ ಬಂದು ಹಳ್ಳದ ಅಗಲ ಅಳೆದು ಹೋದರು. ಎದ್ದು ಹೋಗಿದ್ದ ಮಂಚಯ್ಯನವರೇ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಸೇತುವೆ ಇನ್ನೂ ಆಗಿಲ್ಲ.

ಜೂನ್ ಬಂತು. ಹೈಸ್ಕೂಲು ಬಾಗಿಲು ತೆಗೆಯುವ ದಿನ ಚಿಕ್ಕಸ್ವಾಮಿ ಡೈರಿಗೆ ಹಾಲು ಹಾಕಿ ಬಂದವನು ಸೈಕಲ್ಲನ್ನು ಬಾಗಿಲಿಗೆ ತಂದು ನಿಲ್ಲಿಸಿದ.

"ಭೂಮಿಕ, ಒರಡು ಮಗ."

"ಎಲ್ಗಪ್ಪ?"

"ಎಂಟನೇ ಕ್ಲಾಸ್ಗೆ. ಏರಿ ಮ್ಯಾಲಿಂದ ಸುತ್ಕಂಡು ಓಗನ."

"ದಿನಾ ಕರ್ಕಂಡೋಯ್ತೀಯಾ?"

"ಸೇತ್ವೆ ಆಗೋಗಂಟ. ಆಮ್ಯಾಕೆ ನೀನುಂಟು, ನಿನ್ ಕಾಲುಂಟು."

ದಾರಿಯಲ್ಲಿ ಕೂಲಿ ಮಾದಮ್ಮ ಕಳೆ ಕೀಳಲು ಹೋಗುತ್ತಿದ್ದಳು. ಜೊತೆಯಲ್ಲಿ ಶಾಲೆ ಬಿಟ್ಟಿದ್ದ ಮಗಳೂ ಇದ್ದಳು. ಚಿಕ್ಕಸ್ವಾಮಿ ಸೈಕಲ್ ನಿಲ್ಲಿಸಿದ. "ಮಾದಮ್ಮ, ನಾಳಿಕೆ ಇವಳನ್ನೂ ಕಳ್ಸು. ಮುಂದ್ಗಡೆ ಕಂಬಿ ಮ್ಯಾಲೆ ಜಾಗ ಅದೆ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿನಲ್ಲೂ ಒಂದು ಹಳ್ಳ ಇರುತ್ತದೆ. ಹಳ್ಳವಲ್ಲದಿದ್ದರೆ ನರ್ಸಿಲ್ಲದ ಆಸ್ಪತ್ರೆ ಇರುತ್ತದೆ, ಇಲ್ಲವೇ ಹಟ್ಟಿಯವರೆಗೆ ಬಾರದ ಕುಡಿಯುವ ನೀರು. ಅದನ್ನು ಊಟದ ಎಲೆ ಮುಂದೆ ಕೇಳಬೇಡಿ. ಪ್ರಶ್ನೆ ಹಾಕಿ ಎಂದು ಕೇಳಿ. ಯಾವ ದಿನ ಬರುತ್ತದೆ ಎಂದು ಕೇಳಿ. ಆ ದಿನ ನಿಮ್ಮಲ್ಲಿ ಇಬ್ಬರಾದರೂ ಹೋಗಿ ಗ್ಯಾಲರಿಯಲ್ಲಿ ಕೂರಿ. ಪಾಸು ಬೇಕು, ಸುಮ್ಮನಿರಬೇಕು, ಅಷ್ಟೇ. ಉತ್ತರ ಬಂದರೆ ಅದರ ಬೆನ್ನು ಹತ್ತಿ, ನೋಡಿದ್ದನ್ನು ನೋಡಿದ ಹಾಗೇ ಊರಿಗೆ ಹೇಳಿ. ಒಳ್ಳೆಯದು ಮಾಡಿದ್ದರೆ ಅದನ್ನೂ ಹೇಳಿ. ಇದಕ್ಕೆ ಯಾವ ಪಾರ್ಟಿಯ ಬಾವುಟವೂ ಬೇಡ.

ಮತ್ತೆ, ಅಧಿವೇಶನ ನಡೆಯುವಾಗ ನಿಮ್ಮ ಮನೆ ಮದುವೆಗೆ ಶಾಸಕರು ಬಂದು ನಿಂತರೆ ಹಿಗ್ಗಬೇಡಿ. ಆ ಹೊತ್ತಿನಲ್ಲಿ ಅಲ್ಲಿ ಕರೆಯುತ್ತಿರುವುದು ನಿಮ್ಮ ಊರಿನ ಸರದಿಯೇ ಇರಬಹುದು. ಈ ಸಲದ ಅಧಿವೇಶನ ಯಾವತ್ತು ಶುರು, ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ವಿಚಾರಿಸಿ.